ಕುಂಡದ ಮಣ್ಣು ಒಣಗುವವರೆಗೆ

ಮೂಗಿನ ತುದಿಗೆ ಒಂದು ಬಂದು ಕೂತಿತು, ಇಂದ್ರಾಬಾಯಿ ಕೈ ಬೀಸಿದಳು, ಸೊಳ್ಳೆಯಲ್ಲ, ಸೊಳ್ಳೆಗಿಂತ ಸಣ್ಣ ಕರಿನೊಣ, ಇನ್ನೂ ಇವೆ ಹಾಗಾದರೆ, ಮೊನ್ನೆಯಷ್ಟಿಲ್ಲ, ಮೊನ್ನೆ ಕಿಟಕಿಯ ಗ್ರಿಲ್ ಹತ್ತಿರ ಬಾಯಿ ತೆರೆದರೆ ಒಳಗೇ ಬರುತ್ತಿದ್ದವು — ಬಟ್ಟಲಿನ ವಿನೆಗರಿನಲ್ಲಿ ಎಷ್ಟು ಬಿದ್ದಿವೆ, ಎಳ್ಳು ಚೆಲ್ಲಿದ ಹಾಗೆ, ಪಾತ್ರೆ ತೊಳೆಯೋ ಸೋಪು ಎರಡು ಹನಿ ಬಿಡ್ರಿ, ಕುಂತವೆಲ್ಲ ಮುಳುಗತಾವ, ಕೆಳಗಿನ ಮನೆಯ ರುಕ್ಮಿಣಿಬಾಯಿ ಅಂದದ್ದು ಸುಳ್ಳಲ್ಲ. ಮರಿಗಳನ್ನು ಸೆಳೆಯಲೆಂದು ಕರಿಬೇವಿನ ಕುಂಡದ ಮೇಲಿಟ್ಟ ಆಲೂಗಡ್ಡೆಯ ಬಿಲ್ಲೆ ಎತ್ತಿದಳು, ಅಡಿಯಲ್ಲಿ ದಾರದ ಎಳೆಯಂಥ ಬಿಳಿ ಮರಿಹುಳ, ತಲೆ ಮಾತ್ರ ಕಪ್ಪು, ಮೂರೋ ನಾಲ್ಕೋ, ಆ ಬಿಲ್ಲೆ ಕಸಕ್ಕೆ, ಹೊಸದು ಮಣ್ಣಿಗೆ, ಸುತ್ತ ದಾಲ್ಚಿನ್ನಿ ಪುಡಿ, ಈ ವಾಸನೆಗೆ ಅನಿಕೇತ ಅಡುಗೆಮನೆಗೆ ಬಂದುಬಿಡುತ್ತಿದ್ದ, ಅವ್ವಾ ಮಸಾಲಿ ಭಾತ್ ಮಾಡಾಕತ್ತಿಯೇನ, ಕುಂಡಗಳು ಅವನವೇ, ಐದೂ, ಸಯನ್ ಸ್ಟೇಶನ್ನಿನಿಂದ ಒಂದೊಂದಾಗಿ ಎದೆಗವಚಿ ತಂದವು, ಮಗ ಹೋಗಿ ಏಳು ತಿಂಗಳಾಯಿತು, ಗಿಡ ಇವೆ.

ನೀರು ಮುಟ್ಟಿಸಬಾರದು, ಅದೇ ದೊಡ್ಡ ಮದ್ದು, ಮೇಲಿನ ಎರಡು ಬೆರಳಷ್ಟು ಮಣ್ಣು ಒಣಗಿದರೆ ಮರಿಗಳು ಬದುಕುವುದಿಲ್ಲ — ಆದರೆ ಶುಭಾಂಗಿಯನ್ನು ತಡೆಯುವುದಾದರೂ ಹೇಗೆ, ಸೊಸೆ, ಬೆಳಗಾವಿಯ ಮರಾಠಿ ಹುಡುಗಿ, ಆಸ್ಪತ್ರೆಯ ಹಾಸಿಗೆಯಲ್ಲಿ ಅನಿಕೇತ ಅವಳಿಗೆ ಕೊನೆಯದಾಗಿ ಅಂದದ್ದು ಅದೊಂದೇ, ಗಿಡಕ್ಕ ನೀರ ಹಾಕು, ಹಾಕಿದಳು, ವಿಕ್ರೋಳಿಯ ಆಫೀಸಿಗೆ ಹೊರಡುವ ಮುಂಚೆ ಒಂದು ಸಲ, ಬಂದು ಚಪ್ಪಲಿ ಬಿಡುವ ಮುಂಚೆ ಇನ್ನೊಂದು ಸಲ, ಮಳೆ ಸುರಿಯುತ್ತಿದ್ದರೂ, ಕುಂಡದಡಿಯ ತಟ್ಟೆ ತುಂಬಿ ಗೋಡೆಗೆ ಇಳಿಯುತ್ತಿದ್ದರೂ, ಮಣ್ಣು ಕೆಸರಾಯಿತು, ನೊಣ ಎದ್ದವು, ಅವನ ಫೋಟೋದ ಗಾಜಿನ ಮೇಲೂ ಕೂತವು, ಒಂದು ಬೆಳಿಗ್ಗೆ ಕರಿಬೇವು ಹಳದಿಯಾಗಿ ಎಲೆಯೆಲ್ಲ ಉದುರಿದ್ದು ಕಂಡು ಬಾಯಿಂದ ಬಂದೇಬಿಟ್ಟಿತು, ನೀನ ಕೊಂದಿ ನೋಡ, ನೀನ ಕೊಂದಿ. ಗಿಡದ ಬಗ್ಗೆ ಅಂದದ್ದು, ದೇವರಾಣೆ ಗಿಡದ ಬಗ್ಗೆ — ಶುಭಾಂಗಿ ನೀರಿನ ಮಗ್ ಹಿಡಿದು ನಿಂತೇ ಇದ್ದಳು.

ಅದೇ ವಾರ ಗೆಳತಿಯ ರೂಮಿಗೆ ಹೋದಳು, ಆಫೀಸಿಗೆ ಹತ್ತಿರ ಆಗ್ತದ ಅಂದಳು, ಜಗಳವಿಲ್ಲ, ಕಾಲು ಮುಟ್ಟಿ ನಮಸ್ಕರಿಸಿ ಹೋದಳು, ಒಂದು ಮಾತು ತಿರುಗಿ ಆಡಬಹುದಿತ್ತು, ಆಡಲಿಲ್ಲ. ಅನಿಕೇತನಿಗೆ ಜ್ವರ ಬಂದ ಮೊದಲ ದಿನವೇ ಡಾಕ್ಟರ್ ಕಡೆ ಹೋಗೂಣು ಅಂದವಳು ಅವಳು, ಸುಮ್ಮ ಕುಂದರ, ಮನಿಮದ್ದಿಗೆ ಇಳೀತೈತಿ ಅಂದವಳು ಇಂದ್ರಾಬಾಯಿ, ಶುಂಠಿ ಮೆಣಸು ಜಜ್ಜಿ ಕುದಿಸಿದವಳೂ ಇಂದ್ರಾಬಾಯಿ, ಎರಡು ದಿನ, ಮೂರನೆಯ ದಿನ ಡೆಂಗೂ ಅಂದರು, ತಡವಾಯಿತು ಅಂದರು, ಆಗ ಶುಭಾಂಗಿ ನೆಲ ನೋಡಿದಳು, ಅತ್ತೆಯ ಮುಖ ನೋಡಲಿಲ್ಲ, ಏಳು ತಿಂಗಳಲ್ಲಿ ಒಮ್ಮೆಯೂ ಆ ಮಾತು ಎತ್ತಲಿಲ್ಲ. ಇಂದ್ರಾಬಾಯಿ ಕೈ ಒರೆಸಿಕೊಂಡಳು, ಫೋನ್ ತೆಗೆದಳು, ಇಡಲೇ, ಬೇಡ, ರಿಂಗ್ ಆಗುತ್ತಿದೆ, ಆಯಿ ಬೋಲಾ, ಹೇಳ್ರಿ ಅವ್ವ ಅನ್ನುವ ಅದೇ ದನಿ, ನೊಣ ಕಡಿಮಿ ಆದೂವವ್ವ, ಕರಿಬೇವು ಚಿಗರೇತಿ, ಹೌದಾ ಛಾನ್, ಚಲೋ ಆತು, ಲೋಕಲ್ ರೈಲು ಹೋಗುವ ಸದ್ದು ಅವಳ ಕಡೆಯಿಂದಲೋ ಇಲ್ಲಿಂದಲೋ, ಅವತ್ತ ನಾ ಅಂದದ್ದು ಗಿಡದ ಮಾತವ್ವ, ಅನಿಕೇತಂದಲ್ಲ. ಗೊತ್ತು ಆಯಿ, ನಾ ಮಾತ್ರ ನಿಮಗ ಎಂದೂ ಹಂಗ ಅಂದಿಲ್ಲ. ಆಫೀಸಿನಲ್ಲಿ ಕರೀತಾರ, ಇಡ್ತೀನಿ, ಇಟ್ಟಳು, ಅವಳು ಅಂದಿಲ್ಲ, ಅಂದಿದ್ದರೆ ಚೆನ್ನಾಗಿತ್ತು, ಎದುರು ನಿಂತು ನೀವ ಕೊಂದ್ರಿ ಅಂದಿದ್ದರೆ, ಅಂದಿಲ್ಲ, ಆ ಬೆಳಿಗ್ಗೆಯೂ ಇಲ್ಲ, ನೀನ ಕೊಂದಿ ಅಂದಾಗ ತಲೆ ಎತ್ತಿದಳು, ತುಟಿ ತೆರೆದಳು, ಮುಚ್ಚಿದಳು, ಕೈ ವಾಲಿತು, ಮಗ್ಗಿನ ನೀರು ಅವಳ ಕಾಲ ಮೇಲೇ ಬೀಳುತ್ತಿತ್ತು, ಕಾಲು ಸರಿಸಲಿಲ್ಲ, ನೀರು ಬೀಳುತ್ತಿತ್ತು, ಅವಳು ಕಾಲು ಸರಿಸಲಿಲ್ಲ —