ಬಾಕಿಮಾರಿನ ಬನ

ಶೀನಪ್ಪನಿಗೆ ನಕ್ಷೆ ಓದಿ ಗೊತ್ತಿಲ್ಲ. ದುಬೈಯ ರಾಸ್ ಅಲ್ ಖೋರ್‌ನಲ್ಲಿ ಕಾರಿನ ಬಿಡಿಭಾಗಗಳ ಅಂಗಡಿ ಇಟ್ಟುಕೊಂಡು ತಲೆ ನರೆಸಿದ ಮನುಷ್ಯ. ಗಿರಾಕಿ ಲೊಕೇಶನ್ ಕಳಿಸಿದರೆ ಫೋನಿನೊಳಗಿನ ಹೆಂಗಸು ಹೇಳಿದತ್ತ ಸ್ಟೇರಿಂಗ್ ತಿರುಗಿಸುವುದಷ್ಟೇ ಅವನ ಭೂಗೋಳ. ಅಂಥವನು ಒಂದು ಶನಿವಾರ ಅಂಗಡಿಯನ್ನು ಕೆಲಸದವರಿಗೆ ಬಿಟ್ಟು, ಇಂಟರ್‌ನ್ಯಾಷನಲ್ ಸಿಟಿಯಲ್ಲಿರುವ, ತನ್ನೂರ ಕಡೆಯ ಆಸ್ವಾಲ್ಡನ ಫ್ಲ್ಯಾಟಿಗೆ ಬಂದು ಹಳೆಯ ನಕ್ಷೆಯೊಂದರ ಮುಂದೆ ಕೈಕಟ್ಟಿ ಕೂತಿದ್ದ.

ಹಾಗೆ ಕೂರಿಸಿದವಳು ಮಗಳು ಭವ್ಯಶ್ರೀ. ಗಂಡನ ಜೊತೆ ಅಬುಧಾಬಿಯಲ್ಲಿರುವ ಅವಳಿಗೆ ಎರಡು ಸಲ ಬಸಿರು ನಿಲ್ಲದೆ ಹೋಗಿತ್ತು. ಈಗ ಮೂರನೆಯದು. ಡಾಕ್ಟರರು ಎಲ್ಲ ಸರಿ ಇದೆ ಎನ್ನುತ್ತಾರೆ. ಊರಲ್ಲಿ ಅವಳ ಅತ್ತೆ ಪ್ರಶ್ನೆ ಇಡಿಸಿದಾಗ ಜೋಯಿಸರು ಹೇಳಿದ್ದು ಇಷ್ಟು: ಹುಡುಗಿಯ ತಂದೆಯ ಕುಟುಂಬದ ಮೂಲ ನಾಗಬನದಲ್ಲಿ ಹಾಲೆರೆಯುವವರಿಲ್ಲದೆ ತಲೆಮಾರು ಕಳೆದಿದೆ, ಮೊದಲು ಅದನ್ನು ಹುಡುಕಿ ನಾಗನಿಗೆ ಹಾಲಿನ ತನು ಎರೆಯಿರಿ.

"ನಂಬಿಕೆ ಅಂತ ಅಲ್ಲ ಅಪ್ಪಾ," ಎಂದಿದ್ದಳು ಭವ್ಯಶ್ರೀ ಫೋನಿನಲ್ಲಿ. "ನಾವು ಮಾಡದೆ ಬಿಟ್ಟದ್ದು ಇದೊಂದೇ. ಪ್ಲೀಸ್, ಹುಡುಕಿ ಕೊಡಿ."

ಫೋನ್ ಇಟ್ಟವನೇ ಶೀನಪ್ಪ ಆಸ್ವಾಲ್ಡನಿಗೆ ಕರೆ ಮಾಡಿದ್ದ.

ಬನ ಎಲ್ಲಿದೆಯೆಂದು ಬಲ್ಲವಳು ಒಬ್ಬಳೇ, ಅವನ ಅಮ್ಮ. ಗೇಣಿಯ ಜಾಗ ಬಿಟ್ಟು ಕುಟುಂಬ ಚದುರುವ ಮೊದಲು, ಮದುವೆಯಾದ ಹೊಸತರಲ್ಲಿ, ಅತ್ತೆಯ ಜೊತೆ ಹೋಗಿ ಅಲ್ಲಿ ಕೈಮುಗಿದು ಬಂದಿದ್ದಳಂತೆ. ಶೀನಪ್ಪ ರಜೆಯಲ್ಲಿ ಊರಿಗೆ ಹೋದಾಗಲೆಲ್ಲ ಅವಳದ್ದು ಅದೇ ರಾಗ: "ಒಮ್ಮೆ ಬಾಕಿಮಾರಿಗೆ ಕರ್ಕೊಂಡು ಹೋಗು ಮಗಾ, ನಾನು ತೋರಿಸ್ತೇನೆ." ದುಬೈಯವನ ರಜೆ ಗೊತ್ತಲ್ಲ? ಇಳಿದಂದಿನಿಂದ ಮದುವೆ, ಬ್ಯಾಂಕು, ಹಲ್ಲಿನ ಡಾಕ್ಟರು; ಹೊರಡುವ ದಿನ ಪೆಟ್ಟಿಗೆ ತೂಕ ಮಾಡುವಾಗಷ್ಟೇ ಅಮ್ಮನ ಮಾತು ನೆನಪಾಗುವುದು. "ಮುಂದಿನ ಸಲ ಖಂಡಿತ," ಎನ್ನುತ್ತಿದ್ದ. ಕೊನೆಕೊನೆಗೆ ಅವಳು ಕೇಳುವುದನ್ನೇ ಬಿಟ್ಟಳು. ವಯಸ್ಸಾಯಿತು, ಮರೆತಿರಬೇಕು ಎಂದುಕೊಂಡ. ಆಮೇಲೆ ಅಮ್ಮನೂ ಹೋದಳು. ಸುಳ್ಳು ಹೇಳುವ ಉದ್ದೇಶ ಅವನಿಗಿರಲಿಲ್ಲ.

ಆಸ್ವಾಲ್ಡ್ ಡ್ರಾಫ್ಟ್ಸ್‌ಮನ್. ಹೊಟ್ಟೆಪಾಡಿಗೆ ಮರಳಿನ ಮೇಲೆ ಇನ್ನೂ ಏಳದ ವಿಲ್ಲಾಗಳನ್ನು ಬರೆಯುತ್ತಾನೆ, ಖುಷಿಗೆ ಊರಿನ ಹಳೆಯ ಸರ್ವೆ ನಕ್ಷೆಗಳನ್ನು ಕೆದಕುತ್ತಾನೆ. ಇಲ್ಲಿರುವ ಊರವರನ್ನು ಹಿಡಿದು ಕೂರಿಸಿ, ದೋಣಿ ನಿಂತುಹೋದ ಕಡವು, ಮುಚ್ಚಿದ ಬಾವಿ, ಮನೆಗಳ ಹಳೆಯ ಹೆಸರು ಎಲ್ಲವನ್ನೂ ಆ ನಕ್ಷೆಯ ಮೇಲೆ ಗುರುತು ಹಾಕಿಸುವುದು ಅವನ ಹುಚ್ಚು.

"ಇವರಿಗೆ ಮದುವೆ ನನ್ನೊಟ್ಟಿಗೆ, ಸಂಸಾರ ಆ ನಕ್ಷೆಯೊಟ್ಟಿಗೆ," ಎಂದು ಹೆಂಡತಿ ಕ್ಲಾರಾ ಚಹಾ ತಂದಿಟ್ಟು ನಕ್ಕಳು.

"ಬರೀ ಬಾಕಿಮಾರು ಅಂದ್ರೆ ಆಗುದಿಲ್ಲ ಶೀನಪ್ಪಣ್ಣ, ಅದು ಊರಿಗೊಂದು ಉಂಟು," ಎಂದ ಆಸ್ವಾಲ್ಡ್. "ಅಮ್ಮ ಬೇರೆ ಎಂತ ಹೇಳ್ತಿದ್ರು?"

ಶೀನಪ್ಪ ಕಣ್ಣು ಮುಚ್ಚಿದ. "ಹೊಳೆ ತಿರುಗುವಲ್ಲಿ ಕಡವು ಅಂತೆ. ಕಡವಿಂದ ಗುಡ್ಡ ಹತ್ತಿದ್ರೆ ಕೆರೆ. ಕೆರೆಯ ತಲೆಗೆ ಬನ. ಇನ್ನೂ ಏನೋ ಹೇಳ್ತಿದ್ಳು ಮಾರಾಯ್ರೆ, ನಾನು ಸರಿ ಕೇಳ್ಲಿಲ್ಲ."

ಆಸ್ವಾಲ್ಡ್ ಕಂಪ್ಯೂಟರಿನ ಪರದೆಯ ಮೇಲೆ ಹೊಳೆಯ ನೀಲಿ ಗೆರೆಯನ್ನು ಹಿಡಿದು ಮೇಲೆ ಮೇಲೆ ಹೋದ. ಒಂದು ತಿರುವಿನಲ್ಲಿ ಕಡವಿಲ್ಲ. ಇನ್ನೊಂದರಲ್ಲಿ ಕಡವಿದೆ, ಕೆರೆಯಿಲ್ಲ. ಅದರಾಚೆಯ ತಿರುವಿನಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಕಡವೆಂದು ಬರೆದಿತ್ತು. ಅಲ್ಲಿಂದ ಏರು ತೋರಿಸುವ ಕಂದು ಗೆರೆಗಳು, ಒಂದು ನೀಲಿ ಚುಕ್ಕೆ, ಚುಕ್ಕೆಗೆ ತಾಗಿ ನಾಲ್ಕಾರು ಪುಟ್ಟ ಮರಗಳ ಗುರುತು. ಪಕ್ಕದಲ್ಲೇ ಬಾಕಿಮಾರು ಎಂಬ ಹೆಸರು.

"ಅದೇ! ಯಲ್ಲಾ, ಬೇಗ, ಈಗ ಅಲ್ಲಿ ಎಂತ ಉಂಟು ನೋಡಿ!" ಎನ್ನುತ್ತಾ ಶೀನಪ್ಪ ಎದ್ದೇ ನಿಂತ. ಟಿಕೆಟ್ ಮಾಡಬೇಕು, ಭಟ್ಟರಿಗೆ ಹೇಳಬೇಕು, ಈ ವಾರವೇ ಹೋದರೂ ಆದೀತು ಎಂದು ಮನಸ್ಸು ಆಗಲೇ ಊರಿಗೆ ಹಾರಿತ್ತು.

ಆಸ್ವಾಲ್ಡ್ ಹಳೆಯ ನಕ್ಷೆಯನ್ನು ಇಂದಿನ ಉಪಗ್ರಹ ಚಿತ್ರದ ಮೇಲೆ ಹಾಸಿ, ಅದನ್ನು ಮೆಲ್ಲ ಮೆಲ್ಲನೆ ತೆಳ್ಳಗಾಗಿಸಿದ. ಕಡವಿನ ಜಾಗದಲ್ಲಿ ಸೇತುವೆ ಎದ್ದಿತು. ಬಾಕಿಮಾರು ಎಂಬ ಹೆಸರು ಅಳಿಸಿಹೋಗಿ ಗ್ರೀನ್ ವ್ಯೂ ಲೇಔಟ್ ಎಂಬುದು ಮೂಡಿತು. ಕೆರೆ ಇರಲಿಲ್ಲ. ಮರಗಳ ಗುರುತು ಕುಳಿತದ್ದು ಒಂದು ಕೆಂಪು ಹೆಂಚಿನ ಮಾಡಿನ ದೊಡ್ಡ ಮನೆಯ ಕಾರ್ ಪೋರ್ಚಿನ ಮೇಲೆ.

"ಯಾರದ್ದೋ ಮನೆ ಆಗಿದೆ," ಎಂದ ಆಸ್ವಾಲ್ಡ್. "ಪರವಾಗಿಲ್ಲ ಶೀನಪ್ಪಣ್ಣ, ಹೋಗಿ ಮಾತಾಡಿದ್ರೆ ತನು ಎರೆಯಲಿಕ್ಕೆ ಬಿಡ್ತಾರೆ. ನಮ್ಮ ಊರಲ್ಲಿ ಇದಕ್ಕೆ ಯಾರೂ ಬೇಡ ಅನ್ನುದಿಲ್ಲ."

ಶೀನಪ್ಪ ಮತ್ತೆ ಕುರ್ಚಿಯಲ್ಲಿ ಕೂತ.

"ಅದು ನನ್ನ ಮನೆ," ಎಂದ.

ಆ ಜಾಗವನ್ನು ಅವನು ಕಾಲಿಡದೆಯೇ ಕೊಂಡಿದ್ದ. ಬ್ರೋಕರ್ ಕಳಿಸಿದ ವಿಡಿಯೋ ನೋಡಿ ದುಬೈಯಿಂದಲೇ ವ್ಯವಹಾರ ಮುಗಿಸಿದ್ದ. ನಮ್ಮವರು ಇಲ್ಲಿ ಕೂತು ಸೈಟು ಕೊಳ್ಳುವುದೇ ಹಾಗೆ, ಮೀನನ್ನಾದರೂ ಕಿವಿರು ಎತ್ತಿ ನೋಡಿ ಕೊಳ್ಳುತ್ತಾರೆ. ಗುಡ್ಡ ಸಮ ಮಾಡಿಸಿದ್ದು, ಗೋಡೆ ಎಬ್ಬಿಸಿದ್ದು ಎಲ್ಲ ಫೋನಿನಲ್ಲೇ.

"ಹಳೆ ನಕ್ಷೆ ಅಲ್ವಾ, ಸ್ವಲ್ಪ ಆಚೀಚೆ ಆಗ್ತದೆ," ಎಂದು ಆಸ್ವಾಲ್ಡ್ ಅವಸರದಿಂದ ಹೇಳಿದ. "ಜೆಸಿಬಿ ಬರುವ ಮೊದಲಿನ ಫೋಟೋ ಉಂಟಾ?"

ಉಂಟು. ಕಂಟ್ರಾಕ್ಟರ್ ಯಾಕೂಬ್ ಆಗ ಕಳಿಸಿದ್ದೆಲ್ಲವೂ ವಾಟ್ಸಾಪಿನಲ್ಲಿತ್ತು. ಶೀನಪ್ಪ ಹಿಂದಕ್ಕೆ, ಹಿಂದಕ್ಕೆ ಸರಿಸುತ್ತಾ ಹೋದ. ಹಬ್ಬಿದ ಬಳ್ಳಿ, ಅದರ ಕತ್ತಲಲ್ಲಿ ಪಾಚಿ ಹಿಡಿದ ಎರಡು ಕಲ್ಲು. ಕೆಳಗೆ ಯಾಕೂಬ್ ಕೇಳಿದ್ದ: "ಅಣ್ಣ, ಪೋರ್ಚ್ ಬರುವಲ್ಲಿ ಈ ಮರ, ಕಲ್ಲು ಉಂಟು. ಒಮ್ಮೆ ಸರಿ ನೋಡಿ ಹೇಳಿ. ತೆಗಿಯುದಾ?" ಅದರ ಕೆಳಗೆ ಶೀನಪ್ಪನ ಉತ್ತರ, ಎತ್ತಿದ ಹೆಬ್ಬೆರಳಿನ ಒಂದು ಚಿತ್ರ. ಯಾವುದೋ ಸಿಗ್ನಲ್ಲಿನಲ್ಲಿ ನಿಂತಾಗ ಒತ್ತಿದ್ದಿರಬೇಕು. ಒತ್ತಿದ ನೆನಪೂ ಅವನಿಗಿಲ್ಲ.

ನೆನಪಾದದ್ದು ಬೇರೆ. ಹೊಸ ಮನೆ ಒಕ್ಕಲಿನ ದಿನ ಅಮ್ಮ ಅಂಗಳದಲ್ಲಿ ನಿಂತು ಹೊಳೆಯ ಕಡೆಗೊಮ್ಮೆ, ಗುಡ್ಡದ ಕಡೆಗೊಮ್ಮೆ ನೋಡಿದ್ದಳು. "ಇಲ್ಲೊಂದು ಕೆರೆ ಇತ್ತಲ್ಲ ಮಗಾ?" ಎಂದಿದ್ದಳು. "ಕೆರೆ ಯಾಕಮ್ಮ, ಬೋರ್‌ವೆಲ್ ಉಂಟಲ್ಲ," ಎಂದು ನೆಂಟರ ಎದುರು ನಗೆಯಾಡಿದ್ದ. ಸ್ವಲ್ಪ ಹೊತ್ತಿಗೆ ಅವಳು ಉಕ್ಕಿಸಿದ ಹಾಲನ್ನು ಒಂದು ಲೋಟದಲ್ಲಿ ತಂದು ಪೋರ್ಚಿನ ಕಂಬದ ಬುಡಕ್ಕೆ ಸುರಿದಳು. "ಎಂತ ಅಮ್ಮ ಇದು, ಹೊಸ ಇಂಟರ್‌ಲಾಕ್ ನೆಲ, ಕಲೆ ಆಗ್ತದೆ!" ಎಂದು ಗದರಿದ್ದ. ಅಮ್ಮ ಸೆರಗಿನಿಂದ ಲೋಟ ಒರೆಸಿಕೊಂಡು ಒಳಗೆ ಹೋಗಿದ್ದಳು. ಬಾಕಿಮಾರಿನ ಸುದ್ದಿ ಎತ್ತುವುದನ್ನು ಅವಳು ಬಿಟ್ಟದ್ದು ಅಂದಿನಿಂದ.

ಫೋನ್ ಅವನ ಕೈಯಲ್ಲೇ ಬಡಿದುಕೊಂಡಿತು. ಭವ್ಯಶ್ರೀ.

"ಅಪ್ಪಾ, ಸಿಕ್ಕಿತಾ?"

"ಸಿಕ್ಕಿತು."

"ರಿಯಲಿ? ಎಲ್ಲಿ?"

"ನಮ್ಮ ಹೊಸ ಮನೆ ಉಂಟಲ್ಲ, ಅಲ್ಲೇ."

ಆ ಕಡೆಯಿಂದ ಅಳುವೋ ನಗುವೋ ತಿಳಿಯದ ಸದ್ದು ಬಂತು. "ಓ ಗಾಡ್! ನಮ್ಮದೇ ಜಾಗದಲ್ಲಾ? ಅಜ್ಜಿ ಎಷ್ಟು ಸಲ ಕೇಳಿದ್ರು. ಅವರಿಗೆ ಗೊತ್ತಿದ್ರೆ ಎಷ್ಟು ಖುಷಿ ಆಗ್ತಿತ್ತಲ್ಲ ಅಪ್ಪಾ!"

ಆಸ್ವಾಲ್ಡ್ ಪರದೆಯನ್ನು ಆರಿಸಿ ಮುಖ ತಿರುಗಿಸಿಕೊಂಡ.

"ಅಜ್ಜಿಗೆ ಗೊತ್ತಿತ್ತು ಮಗಾ," ಎಂದ ಶೀನಪ್ಪ.