ಪಟ್ಟಿಯಲ್ಲಿ ಇಲ್ಲದ ಹೆಸರು

ಆರು ವರ್ಷಗಳಿಂದ ಟೊರ್ಗೇರ್ ಆ ಮನೆಯ ಮೆಟ್ಟಿಲು ಹತ್ತಿರಲಿಲ್ಲ. ಈಗ ಹತ್ತಿದ್ದು ಗೆಳೆಯ ಓಡ್ವಾರ್ ಸತ್ತ ಮೇಲೆ. ನಾಳೆ ಹನ್ನೊಂದಕ್ಕೆ ಅಂತ್ಯಕ್ರಿಯೆ, ಆದರೆ ನೀನು ಇವತ್ತೇ ಬಾ ಎಂದು ಓಡ್ವಾರನ ಹೆಂಡತಿ ಗುನ್ವೊರ್ ಫೋನ್ ಮಾಡಿದ್ದಳು. ಹಿಂದಿನ ದಿನವೇ ಕರೆದಳೆಂದರೆ ಶವಪೆಟ್ಟಿಗೆ ಹೊರುವ ಆರು ಜನರಲ್ಲಿ ತಾನೂ ಒಬ್ಬನಿರಬೇಕು ಎಂದು ಟೊರ್ಗೇರ್ ದಾರಿಯುದ್ದಕ್ಕೂ ನಂಬಿಕೊಂಡು ಬಂದಿದ್ದ. ವಿಮಾನ ಹತ್ತುವ ಮೊದಲು ಹೊಸ ಕರಿ ಕೋಟು ಕೂಡ ಕೊಂಡಿದ್ದ. ಹೆಗಲು ಕೊಡಲು ಸಿಕ್ಕರೆ ಕ್ಷಮೆ ಸಿಕ್ಕಂತೆಯೇ. ಅವನಿಗೆ ಬೇಕಾಗಿದ್ದದ್ದು ಅಷ್ಟೇ.

ಇಬ್ಬರೂ ಹೋಲ್ಮ್‌ವಿಕ್ ಎಂಬ ಊರಿನವರು. ಮೀನು ಕಾರ್ಖಾನೆಯ ಹಿಂದಿನ ಜಲ್ಲಿ ಮೈದಾನದಲ್ಲಿ ಮಂಡಿ ತರಚಿಕೊಂಡು ಫುಟ್‌ಬಾಲ್ ಕಲಿತವರು. ಮೂರು ವರ್ಷ ಚಿಕ್ಕವನಾದ ಓಡ್ವಾರ್ ಗೋಲ್‌ಕೀಪರ್, ಟೊರ್ಗೇರ್ ಅವನ ಮುಂದೆ ನಿಲ್ಲುವ ಡಿಫೆಂಡರ್. "ಎಡಕ್ಕೆ ಬಾರೋ ಕತ್ತೆ!" ಎಂದು ಹಿಂದಿನಿಂದ ಕಿರುಚಿದರೆ ಸಾಕು, ಇವನು ತಿರುಗಿಯೂ ನೋಡದೆ ಎಡಕ್ಕೆ ಹಾರುತ್ತಿದ್ದ. ಆ ಕಿರುಚಾಟದ ಬಲದಲ್ಲೇ ದೇಶಕ್ಕಾಗಿ ಅರವತ್ತೊಂದು ಪಂದ್ಯ ಆಡಿದ, ಜರ್ಮನಿಯ ಕ್ಲಬ್ಬಿಗೆ ಹೋದ, ಮಂಡಿ ಕೈಕೊಟ್ಟ ಮೇಲೆ ತರಬೇತುದಾರನಾದ, ಕೊನೆಗೆ ರಾಷ್ಟ್ರೀಯ ತಂಡದ ಮ್ಯಾನೇಜರನೂ ಆದ.

ಅವನ ತಂಡ ದೊಡ್ಡ ಕಪ್ಪಿಗೆ ಅರ್ಹತೆ ಗಳಿಸಿದಾಗ ಹತ್ತಕ್ಕೆ ಹತ್ತೂ ಪಂದ್ಯ ಗೋಲು ಕಾದವನು ಮೂವತ್ತೆಂಟರ ಓಡ್ವಾರ್. ಆದರೂ ಗೆಳೆಯನೆಂದು ಆಡಿಸುತ್ತಾನೆ ಅಂತ ಪತ್ರಿಕೆಗಳು ಗೊಣಗತೊಡಗಿದವು. ಟೊರ್ಗೇರ್ ಹೆದರಿದ. ಇಪ್ಪತ್ತಮೂರು ಹೆಸರಿನ ಪಟ್ಟಿಯಿಂದ ಓಡ್ವಾರನನ್ನು ಬಿಟ್ಟು ಇಪ್ಪತ್ತೊಂದರ ಯೂಸ್ಟೈನ್‌ನನ್ನು ಹಾಕಿದ. ಹೋಗಲಿ, ಮ್ಯಾನೇಜರನ ಕೆಲಸವೇ ಅದು. ಆದರೆ ಮೊದಲೇ ಒಂದು ಫೋನ್ ಮಾಡಬಹುದಿತ್ತಲ್ಲ! ಎಲ್ಲರಿಗೂ ಒಂದೇ ನಿಯಮ ಎಂದು ತನಗೆ ತಾನೇ ಹೇಳಿಕೊಂಡು ಸುಮ್ಮನಾದ. ಸುಳ್ಳು. ಗೆಳೆಯನ ದನಿ ಕೇಳುವ ಧೈರ್ಯ ಇರಲಿಲ್ಲ. ಓಡ್ವಾರ್ ಆ ಪಟ್ಟಿ ಕೇಳಿದ್ದು ಕ್ಷೌರದಂಗಡಿಯ ರೇಡಿಯೋದಲ್ಲಿ, ಅರ್ಧ ಕೂದಲು ಕತ್ತರಿಸಿಕೊಂಡು ಊರಿನ ನಾಲ್ಕು ಜನರ ಎದುರು ಕೂತಿದ್ದಾಗ.

ಕಪ್ಪಿನಲ್ಲಿ ಮೂರೂ ಪಂದ್ಯ ಸೋತರು. ಗೆದ್ದೆತ್ತಿನ ಬಾಲ ಹಿಡಿಯುವ ಜನ ಎಲ್ಲೆಲ್ಲೂ ಇದ್ದಾರೆ; ಅವರು ಬಾಲ ಬಿಟ್ಟರು, ಕೆಲಸವೂ ಹೋಯಿತು. ಆಗ ಟೊರ್ಗೇರ್ ಒಮ್ಮೆ ಈ ಮನೆಗೆ ಬಂದಿದ್ದ. ಓಡ್ವಾರ್ ಮಹಡಿಯಿಂದ ಕೆಳಗಿಳಿಯಲೇ ಇಲ್ಲ.

ಗುನ್ವೊರ್ ಬಾಗಿಲು ತೆರೆದಳು. ಪರಿಚಯದವರು ಮತ್ತೆ ಸಿಕ್ಕಾಗ ಅವರ ದೇಶದಲ್ಲಿ ಎಲ್ಲರೂ ಆಡುವ ಮಾತು ಟೊರ್ಗೇರನ ಬಾಯಿಂದ ತಾನಾಗಿ ಜಾರಿತು.

"ಹೋದ್ಸಲಕ್ಕೆ ಥ್ಯಾಂಕ್ಸ್."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹೋದ ಸಲ ಅವನು ಇದೇ ಬಾಗಿಲಿಂದ ಮುಖ ಸಣ್ಣದು ಮಾಡಿಕೊಂಡು ಮರಳಿದ್ದ. ಸಾಲದ್ದಕ್ಕೆ ಜಗಳಗಂಟರು ಮುಯ್ಯಿ ತೀರಿಸಿದಾಗಲೂ ಇದೇ ಮಾತನ್ನೇ ಆಡುತ್ತಾರೆ. ಅವನ ಕಿವಿ ಕೆಂಪಾಯಿತು.

"ನಾಲಿಗೆ ಇನ್ನೂ ಹಂಗೇ ಇದೆ ನಿಂದು," ಎಂದಳು ಗುನ್ವೊರ್. "ಶೂ ಅಲ್ಲೇ ಬಿಚ್ಚಿ ಬಾ. ಕಾಫಿ ಆರ್ತಿದೆ."

ಅಡುಗೆಮನೆಯಲ್ಲಿ ದೋಸೆಯ ಹಾಗೆ ಬಿಸಿಬಿಸಿ ವಾಫಲ್, ಮೇಲೆ ಕಂದು ಚೀಸ್. ಅವನು ಮುಟ್ಟಲಿಲ್ಲ.

"ನಾಳೆ ಎಷ್ಟೊತ್ತಿಗೆ ಬರ್ಲಿ? ಹೊರೋರು ಸ್ವಲ್ಪ ಮುಂಚೆ ಸೇರ್ಬೇಕಲ್ವಾ?"

ಗುನ್ವೊರ್ ಮಡಚಿದ ಕಾಗದವೊಂದನ್ನು ಬಿಡಿಸಿದಳು. "ಆಸ್ಪತ್ರೇಲಿ ಅವನೇ ಬರೆದಿಟ್ಟಿದ್ದು." ಓಡ್ವಾರನ ಇಬ್ಬರು ಅಣ್ಣಂದಿರ ಹೆಸರು ಓದಿದಳು, ಕಾರ್ಖಾನೆ ತಂಡದ ಮೂವರ ಹೆಸರು ಓದಿದಳು. ಟೊರ್ಗೇರ್ ನೆಟ್ಟಗೆ ಕೂತ.

"ಆರನೇದು ಯೂಸ್ಟೈನ್."

"ಯಾವನು, ಆ ಗೋಲ್‌ಕೀಪರ್ರಾ? ಓಡ್ವಾರನ ಜಾಗ ಕಿತ್ಕೊಂಡೋನು!"

"ಕಿತ್ಕೊಟ್ಟೋನು ನೀನು. ಆ ಹುಡುಗ ಪಟ್ಟಿ ಬಂದ ಮಾರನೇ ದಿನಾನೇ ಓಡಿ ಬಂದ. ನೀ ಕೂತಿದ್ದೀಯಲ್ಲ, ಅದೇ ಕುರ್ಚೀಲಿ ಕೂತು ಗೊಳೋ ಅಂತ ಅತ್ತ. ಓಡ್ವಾರೇ ಅವನಿಗೆ ಪೆನಾಲ್ಟಿ ಹಿಡಿಯೋ ಗುಟ್ಟು ಹೇಳ್ಕೊಟ್ಟು ಕಳಿಸ್ದ."

ಟೊರ್ಗೇರ್ ತಟ್ಟೆಯನ್ನು ಪಕ್ಕಕ್ಕೆ ತಳ್ಳಿದ. "ಹಂಗಾದ್ರೆ ಅಷ್ಟು ದೂರದಿಂದ ನನ್ನ ಯಾಕೆ ಕರೆಸ್ದೆ? ಮುಯ್ಯಿ ತೀರಿಸ್ಕೊಳ್ಳೋಕಾ?"

"ನಾನು ತೀರಿಸ್ಕೊಳ್ಳೋಳಾಗಿದ್ರೆ ಕರೀತಾನೇ ಇರ್ಲಿಲ್ಲ ಕಣೋ. ನಾಳೆ ಚರ್ಚಲ್ಲಿ ಆರು ಜನ ಎದ್ದು ಹೋಗ್ವಾಗ ನೀನೂ ಎದ್ದು, ಊರೋರ ಮುಂದೆ ವಾಪಸ್ ಕೂತ್ಕೊಳ್ಳೋದನ್ನ ನೋಡ್ತಿದ್ದೆ. ಅವನೇ ಬಿಡ್ಲಿಲ್ಲ." ಅವಳು ಕಾಗದವನ್ನು ಮತ್ತೆ ಮಡಚಿದಳು. "ಕೊನೇ ವಾರ, ಉಸಿರು ಸಿಕ್ತಿರ್ಲಿಲ್ಲ. ಆಗ ಹೇಳ್ದ: 'ಟೊರ್ಗೇರ್ ಹೊರೋಕೆ ಅಂತಾನೇ ಬರ್ತಾನೆ. ಅವನ ಹೆಸರು ಬರೀಬೇಕು ಅಂತ ಕೂತೆ, ಕೈ ಬರ್ಲಿಲ್ಲ. ನೀನು ಮೊದ್ಲೇ ಕರೆದು ಹೇಳ್ಬಿಡು. ಎಲ್ಲರ ಎದುರಿಗೆ ಗೊತ್ತಾದ್ರೆ ಹೆಂಗಾಗುತ್ತೆ ಅಂತ ನಂಗೆ ಗೊತ್ತು.'"

ಟೊರ್ಗೇರ್ ಮೇಜಿನ ಮೇಲೆ ತಲೆಯಿಟ್ಟು ಅತ್ತ. ಗುನ್ವೊರ್ ಅವನನ್ನು ಸಮಾಧಾನ ಮಾಡಲೂ ಇಲ್ಲ, ಎದ್ದು ಹೋಗು ಎನ್ನಲೂ ಇಲ್ಲ.