ವಾಡಿಯಲ್ಲಿ ಇಳಿಯದವಳು

ನಮ್ಮ ಮನೆತನದಲ್ಲಿ ನನ್ನ ಬಗ್ಗೆ ಇರುವುದು ಒಂದೇ ಕತೆ. ಮೂವತ್ತಮೂರು ವರ್ಷದಿಂದ ಅದನ್ನೇ ಹೇಳುತ್ತಾರೆ. ಮದುವೆ ಇರಲಿ, ತೊಟ್ಟಿಲು ಇರಲಿ, ಗೃಹಪ್ರವೇಶ ಇರಲಿ, ಎಲೆ ಅಡಿಕೆ ತಟ್ಟೆ ಬರುವ ಹೊತ್ತಿಗೆ ಯಾರಾದರೊಬ್ಬರು ಗಂಟಲು ಸರಿ ಮಾಡಿಕೊಂಡು, "ನಮ್ಮ ಗಿರಿಜಾಬಾಯಿ ವಾಡಿಯಾಗ ಏನ್ ಮಾಡಿದ್ಳು ಗೊತ್ತೈತೇನು?" ಎಂದು ಶುರು ಮಾಡುತ್ತಾರೆ. ಗೊತ್ತಿಲ್ಲದವರು ಯಾರೂ ಉಳಿದಿಲ್ಲ. ಆದರೂ ಹೇಳುತ್ತಾರೆ, ಆದರೂ ನಗುತ್ತಾರೆ. ನಾನೂ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದೆ. ಅದನ್ನು ನೆನೆದರೆ ಈಗ ನನಗೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಕತೆ ಇಷ್ಟು. 1969ರಲ್ಲಿ ಮದುವೆಯಾಗಿ ಮೊದಲ ಸಲ ಗುಲಬರ್ಗಾದಿಂದ ಗಂಡನ ಜೊತೆ ಸಿಕಂದರಾಬಾದಿಗೆ ಹೊರಟಿದ್ದೆ. ಮುಂಬೈ ಕಡೆಯಿಂದ ಬರುವ ಗಾಡಿಯನ್ನು ಆಗ ವಾಡಿ ಜಂಕ್ಷನ್ನಿನಲ್ಲಿ ಎರಡು ಮಾಡುತ್ತಿದ್ದರು. ಹಿಂದಿನ ಡಬ್ಬಿಗಳನ್ನು ಕಡಿದು ಬೇರೆ ಎಂಜಿನ್ನು ಹಚ್ಚಿ ಹೈದರಾಬಾದಿಗೆ ಕಳಿಸುತ್ತಿದ್ದರು, ಮುಂದಿನವು ರಾಯಚೂರಿನ ಮೇಲೆ ಮದರಾಸಿಗೆ ಹೋಗುತ್ತಿದ್ದವು. ಗಿರಿಜಾ ಎಂಬ ಪೆದ್ದಿ ರಾಯಚೂರಿನ ಡಬ್ಬಿ ಹತ್ತಿದಳು. ವಾಡಿಯಲ್ಲಿ ಮಂದಿ ಇಳೀರಿ ಇಳೀರಿ ಎಂದು ಒದರಿದರೂ ಜೋಳದ ಚೀಲದ ಹಾಗೆ ಕುಳಿತಳು. ಸಂಜೆಗೆ ರಾಯಚೂರಿನ ಪ್ಲಾಟ್‌ಫಾರ್ಮಿನಲ್ಲಿ ಟ್ರಂಕಿನ ಮೇಲೆ ಕುಳಿತು ಅಳುತ್ತಿದ್ದಳು. ಮರುದಿನ ನನ್ನನ್ನು ಕರೆತಂದವರು ಗಂಡನ ಅಣ್ಣ, ನಮ್ಮ ಭಾವ ಶಿವಶರಣಪ್ಪ. ಕತೆ ಹೇಳುವ ಹಕ್ಕೂ ಅವರದೇ. ನಾನು ಅತ್ತ ದನಿಯನ್ನು ಅವರು ಮೂಗಿನಲ್ಲಿ ತೆಗೆದು ತೋರಿಸುತ್ತಾರೆ.

ಆಮೇಲೆ ನನಗೆ ಹೆಸರೇ 'ವಾಡಿ ಗಿರಿಜಾ' ಎಂದಾಯಿತು. ಹಾಲು ಉಕ್ಕಿದರೆ ವಾಡಿ, ಬೀಗದ ಕೈ ಕಳೆದರೆ ವಾಡಿ. ನಾವು ಇರುವುದು ಸಿಕಂದರಾಬಾದಿನ ಮಲ್ಕಾಜ್‌ಗಿರಿ ಸ್ಟೇಷನ್ನಿನ ಹಿಂದೆ. ದಿನವಿಡೀ ಗಾಡಿಗಳು ಕಿವಿಯೊಳಗೇ ಓಡಾಡುತ್ತವೆ. ಒಂದನ್ನೂ ನಾನು ಒಬ್ಬಳೇ ಹತ್ತಿದವಳಲ್ಲ. ಬಸ್ಸೂ ಹತ್ತಿದವಳಲ್ಲ. "ನನಗ ತಿಳಿಯಂಗಿಲ್ಲ, ನಾ ದಡ್ಡಿ" ಎನ್ನುವುದು ನನ್ನ ಬಾಯಿಗೆ ಹೊಂದಿಬಿಟ್ಟಿತ್ತು.

ಎರಡು ಸಾವಿರದ ಎರಡರಲ್ಲಿ ನಮ್ಮ ಮಗ ಚೇತನಕುಮಾರ ಮದುವೆಯಾಗಿ ಮೈಸೂರಿನ ಮಧುರಾಳನ್ನು ಕರೆತಂದ. ಆಗ ಹೈದರಾಬಾದಿನಲ್ಲಿ ಗೋಡೆಗೊಂದು ಕಂಪ್ಯೂಟರ್ ಕ್ಲಾಸಿನ ಬೋರ್ಡು. ನಮ್ಮ ಓಣಿಯ ಹುಡುಗರೆಲ್ಲ ಅಮೀರ್‌ಪೇಟೆಗೆ ಹೋಗಿ ಏನೇನೋ ಕಲಿತು ಬರುತ್ತಿದ್ದರು. ಮಧುರಾಳಿಗೆ ಹೈಟೆಕ್ ಸಿಟಿಯಲ್ಲಿ ಟೆಸ್ಟರ್ ಕೆಲಸ. ಬೇರೆಯವರು ಮಾಡಿದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದು. ಅದಕ್ಕೆ ಸಂಬಳ ಕೊಡುತ್ತಾರೆಂದು ಕೇಳಿ ನಾನು ಬೆರಗಾದೆ. ನಮ್ಮ ಮನೆಯಲ್ಲಿ ಆ ಕೆಲಸವನ್ನು ಎಲ್ಲರೂ ಪುಕ್ಕಟೆ ಮಾಡುತ್ತಿದ್ದರು.

ಒಂದು ಶನಿವಾರ ಅವಳು ನನ್ನನ್ನು ಹಿಡಿದು ಕೂರಿಸಿದಳು. "ಅತ್ತೆ, ಬೆಳಗ್ಗೆಯಿಂದ ಒಂಬತ್ತು ಸಲ 'ನಾನು ದಡ್ಡಿ' ಅಂದಿದ್ದೀರಿ. ಯಾವಾಗಿಂದ ಹೀಗೆ?" ನಾನು ನಗುತ್ತಲೇ ವಾಡಿಯ ಕತೆ ಹೇಳಿದೆ. ಅವಳು ನಗಲಿಲ್ಲ. ಆಫೀಸಿನಲ್ಲಿ ಹೊಸ ವರ್ಷಕ್ಕೆ ಕೊಟ್ಟ ದಪ್ಪ ಡೈರಿಯನ್ನು ತಂದು ನನ್ನ ತೊಡೆಯ ಮೇಲಿಟ್ಟಳು. "ಬರೀರಿ. ಹುಟ್ಟಿದಾಗಿನಿಂದ ಬರೀರಿ. ನಮಗೂ ಆಫೀಸಿನಲ್ಲಿ ಒಂದು ತರಬೇತಿಯಲ್ಲಿ ಹೀಗೇ ಬರೆಸಿದ್ರು, ನನಗೆ ತುಂಬಾ ಉಪಯೋಗ ಆಯ್ತು."

"ಆತ್ಮಕತೆ ಬರಿಯೋರು ಜೇಲಿಗೆ ಹೋಗಿ ಬಂದೋರವ್ವಾ. ನಾ ಅಡಗಿ ಮನಿಯಿಂದ ಹೊರಗ ಬಂದಿಲ್ಲ" ಎಂದೆ. "ಅಡುಗೆ ಮನೆಯಲ್ಲೇ ಕೂತು ಬರೀರಿ" ಎಂದಳು.

ಬರೆದೆ. ಎಲ್ಲರೂ ಆಫೀಸಿಗೆ ಹೋದ ಮೇಲೆ, ಬೇಳೆ ಬೇಯುವಾಗ, ಡೈರಿಯನ್ನು ಹಿಟ್ಟಿನ ಡಬ್ಬದ ಮೇಲಿಟ್ಟುಕೊಂಡು ಬರೆದೆ. ಅವ್ವನ ಬಗ್ಗೆ ಬರೆದೆ. ಏಳನೇ ಕ್ಲಾಸಿನಲ್ಲಿ ಗಣಿತಕ್ಕೆ ನಾನೇ ಮೊದಲು ಬಂದದ್ದು ಬರೆದೆ. ಹನ್ನೆರಡು ವರ್ಷದವಳಿದ್ದಾಗ ಸೋದರತ್ತೆಯ ಊರು ಆಳಂದಕ್ಕೆ ಒಬ್ಬಳೇ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ, ಸೊಂಟದಲ್ಲಿ ತಂಗಿಯನ್ನೂ ಎತ್ತಿಕೊಂಡು. ಅದನ್ನು ಬರೆದ ಮೇಲೆ ಪೆನ್ನು ಕೆಳಗಿಟ್ಟು ಸುಮ್ಮನೆ ಕುಳಿತೆ. ಆ ಹುಡುಗಿ ಎಲ್ಲಿ ಹೋದಳು? ಬೇಳೆ ತಳ ಹಿಡಿಯಿತು.

ಮದುವೆ ಬರೆದು ವಾಡಿಗೆ ಬಂದೆ. 'ನಾನು ತಪ್ಪು ಡಬ್ಬಿ ಹತ್ತಿದೆ. ವಾಡಿಯಲ್ಲಿ ಇಳಿಯಲಿಲ್ಲ' ಎಂದು ಎರಡು ಸಾಲು ಬರೆದು ಮುಗಿಸಿದ್ದೆ. ಮಧುರಾ ಓದಿ ಡೈರಿ ವಾಪಸು ಕೊಟ್ಟಳು.

"ಅತ್ತೆ, ನಮ್ಮಲ್ಲಿ ಹೀಗೆ ಬರೆದರೆ ತೊಗೊಳ್ಳೋದಿಲ್ಲ. 'ಕೆಟ್ಟುಹೋಯ್ತು' ಅಂತ ಬರೆಯೋ ಹಾಗಿಲ್ಲ. ಯಾರು ಯಾವ ಬಟನ್ ಒತ್ತಿದರು, ಆಮೇಲೆ ಏನಾಯ್ತು, ಒಂದೊಂದೇ ಹೆಜ್ಜೆ ಬರೀಬೇಕು. ನೀವು ಡಬ್ಬಿ ಹತ್ತೋದಕ್ಕೆ ಮುಂಚೆ ಎಲ್ಲಿ ನಿಂತಿದ್ರಿ?"

"ಗುಲಬರ್ಗಾ ಪ್ಲಾಟ್‌ಫಾರ್ಮಿನ್ಯಾಗ."

"ಟ್ರಂಕು?"

"ಬಾಜೂಕ ಇತ್ತು."

"ಅದನ್ನ ಡಬ್ಬಿ ಒಳಗೆ ಯಾರು ಇಟ್ರು?"

ಆ ಟ್ರಂಕು ಕಬ್ಬಿಣದ್ದು, ಅವ್ವ ಕೊಟ್ಟ ಹಿತ್ತಾಳೆ ಪಾತ್ರೆ ತುಂಬಿದ್ದು. ನಾನು ಎತ್ತುವಂಥದ್ದಲ್ಲ. ಎತ್ತಿಟ್ಟವರು ನಮ್ಮ ಮನೆಯವರು, ಸೂಗಪ್ಪನವರು. ಹಿಂದಿನ ಡಬ್ಬಿಗಳಲ್ಲಿ ಗಂಡಸರು ಕಿಕ್ಕಿರಿದಿದ್ದರು. ಮುಂದೆ ಹೆಂಗಸರ ಡಬ್ಬಿ ಕಂಡಿತು. ಟ್ರಂಕನ್ನು ಅದರೊಳಗೆ ನೂಕಿ, ನನ್ನನ್ನು ಹತ್ತಿಸಿ, ಕಿಟಕಿಯ ಹತ್ತಿರ ಕೂರಿಸಿ, "ನಾ ಬಂದು ಕರಿಯೋತನಕಾ ಏಳಬ್ಯಾಡ, ಯಾರ ಮಾತೂ ಕೇಳಬ್ಯಾಡ" ಎಂದು ಹೇಳಿ ಹೋದರು. ಹೋದದ್ದು ಹಿಂದಿನ ಡಬ್ಬಿಗೆ. ಅಲ್ಲಿ ಅವರ ಆಫೀಸಿನ ಗೆಳೆಯ ಅಮರಯ್ಯ ಇಸ್ಪೀಟು ಹಾಕಿಕೊಂಡು ಕಾಯುತ್ತಿದ್ದ.

ವಾಡಿಯಲ್ಲಿ ಬುಟ್ಟಿ ಹೊತ್ತ ಒಬ್ಬ ಹೆಂಗಸು ನನಗೆ ಹೇಳಿದ್ದಳು, "ಬಾಯಿ, ಇದು ರಾಯಚೂರಿಗೆ ಹೊಕ್ಕೈತಿ. ಹೈದರಾಬಾದಿನವರು ಹಿಂದಿನ ಡಬ್ಬಿಗೆ ಹೋಗ್ರಿ." ನಾನು ಏನೆಂದೆ ಗೊತ್ತೇ? ಎದೆ ಎತ್ತಿ ಹೇಳಿದೆ, "ನಮ್ಮ ಮನಿಯವರು ರೈಲ್ವೇದಾಗ ಅದಾರ್ರಿ. ಅವರ ಕುಂಡ್ರಿಸ್ಯಾರ. ಅವರಿಗೆ ಗೊತ್ತಿರಂಗಿಲ್ಲೇನು?"

ನಮ್ಮ ಮನೆಯವರ ಕೆಲಸ ಏನು ಎಂದು ಹೇಳದೆ ಹೋದರೆ ಈ ಮಾತು ಪೂರ್ತಿಯಾಗುವುದಿಲ್ಲ. ಅವರು ಟ್ರೇನ್ಸ್ ಕ್ಲರ್ಕ್. ಗಾಡಿ ಬಂದಾಗ ಪ್ಲಾಟ್‌ಫಾರ್ಮಿನ ಉದ್ದಕ್ಕೂ ನಡೆದು, ಪ್ರತಿ ಡಬ್ಬಿಯ ನಂಬರನ್ನೂ, ಅದು ಎಲ್ಲಿಗೆ ಹೋಗಬೇಕು ಎನ್ನುವುದನ್ನೂ ಬರೆದುಕೊಳ್ಳುವವರು. ಅದಕ್ಕೇ ಸರಕಾರ ಅವರಿಗೆ ಸಂಬಳ ಕೊಡುತ್ತಿತ್ತು.

ಆ ದಿನ ನನಗೆ ಹತ್ತಿದ ಸಿಟ್ಟು ಇಂದಿಗೂ ಇಳಿದಿಲ್ಲ. ಒಗೆಯಲು ಹಾಕಿದ್ದ ಅವರ ಅಂಗಿಯನ್ನು ಕಲ್ಲಿಗೆ ಹೊಡೆದೂ ಹೊಡೆದೂ ಕಾಲರು ಕಿತ್ತುಬಂತು. ನಾನು ಪೆದ್ದಿಯಾಗಿರಲಿಲ್ಲ. ಹೇಳಿದ ಮಾತು ಕೇಳಿದ್ದೆ, ಅಷ್ಟೇ. ಗಂಡನ ಮಾತು ಕೇಳಿದವಳನ್ನು ಗಂಡನ ಮನೆಯವರೇ ಮೂವತ್ತಮೂರು ವರ್ಷ ನಗೆಗೀಡು ಮಾಡಿದರು.

ಮತ್ತು ಅವ್ವ. ಅದನ್ನು ಬರೆಯಲು ನನಗೆ ಒಂದು ವಾರ ಹಿಡಿಯಿತು. 1986ರಲ್ಲಿ ಗುಲಬರ್ಗಾದಿಂದ ತಾರು ಬಂತು, ಅವ್ವನಿಗೆ ಬಹಳ ಜಡ್ಡು ಎಂದು. ಹೋಗಬೇಕೆಂದರೆ ಕೆಲವು ತಾಸಿನ ದಾರಿ. ಇವರಿಗೆ ರಜೆ ಇರಲಿಲ್ಲ. "ನಾ ಒಬ್ಬಾಕೀನೇ ಹೋಗಲೇನ್ರಿ?" ಎಂದು ಕೇಳಿದೆ. "ಹೋಗಿ ಮತ್ತ ವಾಡಿ ಮಾಡ್ತೀಯೇನು?" ಎಂದರು. ಮನೆಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ, ನಕ್ಕು ಅಡುಗೆ ಮನೆಗೆ ಹೋದೆ. ಮೂರನೇ ದಿನ ಇವರಿಗೆ ರಜೆ ಸಿಕ್ಕು ನಾವು ಮುಟ್ಟುವಷ್ಟರಲ್ಲಿ ಅವ್ವನನ್ನು ಮಣ್ಣು ಮಾಡಿ ಮುಗಿದಿತ್ತು. ಅವ್ವ ಎರಡು ದಿನ ಬಾಗಿಲ ಕಡೆ ಮುಖ ಮಾಡಿ ಮಲಗಿದ್ದಳೆಂದು ತಂಗಿ ಹೇಳಿದಳು.

ಬರೆದ ಮೇಲೂ ನಾನು ಒಂದು ಮಾತು ಅಂದುಕೊಂಡಿದ್ದೆ. ಇವರಿಗೆ ನಿಜವಾಗಿ ಗೊತ್ತಿಲ್ಲ, ಗಡಿಬಿಡಿಯಲ್ಲಿ ಹತ್ತಿಸಿದ್ದು ಮರೆತಿದ್ದಾರೆ. ಮರೆವು ಯಾರಿಗಿಲ್ಲ. ಹಾಗೆಂದು ಬಾಯಿ ಮುಚ್ಚಿಕೊಂಡಿದ್ದೆ.

ಮುಂದಿನ ಭಾನುವಾರ ಮಧುರಾಳ ತಂದೆ ತಾಯಿ ಮೊದಲ ಸಲ ನಮ್ಮ ಮನೆಗೆ ಬಂದರು. ಭಾವನವರೂ ಬಂದರು. ರೊಟ್ಟಿ, ಎಣ್ಣೆಗಾಯಿ, ಹೋಳಿಗೆ ಎಲ್ಲಾ ಮಾಡಿದ್ದೆ. ಬಡಿಸುತ್ತಿದ್ದರೂ ನನ್ನ ಕಣ್ಣು ಭಾವನವರ ಬಾಯಿಯ ಮೇಲೇ. ಇವತ್ತು ಇವರು ಅದನ್ನು ಹೇಳಿದರೆ ಅದು ಮೈಸೂರಿಗೂ ಹೋಗುತ್ತದೆ. ನಾಳೆ ನನ್ನ ಮೊಮ್ಮಕ್ಕಳಿಗೂ ನಾನು ಅದೇ ಪೆದ್ದಿ. ನಾನು ಸತ್ತ ಮೇಲೆ ಉಳಿಯುವುದು ಅದೊಂದೇ.

ಎರಡನೇ ಹೋಳಿಗೆಗೆ ಭಾವನವರು ಗಂಟಲು ಸರಿ ಮಾಡಿಕೊಂಡರು. "ಬೀಗರ, ನಿಮ್ಮ ಬೀಗಿತ್ತಿ ವಾಡಿಯಾಗ..."

"ಭಾವಾರ, ತಡೀರಿ. ಇವತ್ತ ನಾ ಹೇಳ್ತೀನ್ರಿ" ಎಂದೆ.

ಕೈ ತೊಳೆದು ಡೈರಿ ತಂದು ನಿಂತುಕೊಂಡೇ ಓದಿದೆ. ಟ್ರಂಕು ಯಾರು ಎತ್ತಿಟ್ಟರು ಎನ್ನುವುದನ್ನು ಓದಿದೆ. ಬುಟ್ಟಿಯ ಹೆಂಗಸಿನ ಮಾತು ಓದಿದೆ, ನನ್ನ ಉತ್ತರ ಓದಿದೆ. ಅವ್ವನ ಪುಟ ಓದಲಿಲ್ಲ. ಅದು ಅವರ ಊಟದ ಎಲೆಯ ಮುಂದೆ ಓದುವಂಥದ್ದಲ್ಲ.

ಭಾವನವರು ಹೋಳಿಗೆ ಕೈಯಲ್ಲಿ ಹಿಡಿದುಕೊಂಡೇ ತಮ್ಮನ ಕಡೆ ತಿರುಗಿದರು. "ಸೂಗಪ್ಪಾ, ಅಕೀ ತಾನ ಹತ್ತಿದ್ಳು ಅಂತ ನೀನ ನನಗ ಹೇಳಿದ್ದೆಲ್ಲೋ."

"ಹಳೀ ಮಾತು ಈಗ್ಯಾಕ? ಊಟ ಆರಾಕತ್ತೈತಿ, ಉಣ್ರಿ" ಎಂದರು ಇವರು. ಮಧುರಾಳ ತಾಯಿ ಸುಮತಿ ಮಾತ್ರ ಎದ್ದು ಬಂದು ಬಡಿಸುವ ಸೌಟನ್ನು ತಾವೇ ಕೈಗೆತ್ತಿಕೊಂಡರು. "ನೀವು ಕೂತ್ಕೊಳ್ಳಿ, ಊಟ ಮಾಡಿ" ಎಂದರು. ನಾನು ಕುಳಿತು ಹೊಟ್ಟೆ ತುಂಬ ಉಂಡೆ.

ಮಧ್ಯಾಹ್ನ ಮಗ ಸೊಸೆ ಎಲ್ಲರನ್ನೂ ಊರು ತೋರಿಸಲು ಕರೆದೊಯ್ದರು. ಮನೆಯಲ್ಲಿ ನಾವಿಬ್ಬರೇ. ಇವರು ಪೇಪರನ್ನು ಮುಖಕ್ಕೆ ಹಿಡಿದು ಕುಳಿತಿದ್ದರು. ನಾನು ಪೇಪರು ಕಿತ್ತುಕೊಂಡೆ.

"ನೆನಪಿರಲಿಲ್ಲ ಅಂತ ಒಂದ ಮಾತು ಹೇಳ್ರಿ. ನಾ ಬಿಟ್ಟುಬಿಡ್ತೀನಿ."

ಹೇಳಬಹುದಿತ್ತು. ಸುಳ್ಳಾದರೂ ಹೇಳಬಹುದಿತ್ತು. ಇಷ್ಟು ವರ್ಷ ಹೇಳಿದವರಿಗೆ ಇನ್ನೊಂದು ಏನು ಭಾರ? ಅವರು ನೆಲ ನೋಡಿದರು.

"ವಾಡಿಯಾಗ ಡಬ್ಬಿ ಕಡಿದ ಮ್ಯಾಲ ಗೊತ್ತಾತು. ಅಷ್ಟರಾಗ ಆ ಗಾಡಿ ಹೊಂಟಿತ್ತು."

"ಮತ್ತ ಅಣ್ಣಗ ಯಾಕ ಸುಳ್ಳ ಹೇಳಿದ್ರಿ?"

"ಡಬ್ಬಿ ಬರಕೊಳ್ಳೋ ಮನಷ್ಯಾ ನಾನು. ನನ್ನ ಹೆಣ್ತೀನ ತಪ್ಪು ಡಬ್ಬಿಗೆ ಹಾಕಿದೆ ಅಂತ ಗೊತ್ತಾದ್ರ ಆಫೀಸ್‌ನ್ಯಾಗ ಮಂದಿ ಜನ್ಮಪೂರ್ತಿ ನಗ್ತಿದ್ರು."

"ಅದಕ್ಕ ನನ್ನ ನೋಡಿ ನಗಲಿ ಅಂತ ಬಿಟ್ರಿ."

ಅವರು ಪೇಪರಿಗೆ ಕೈ ಚಾಚಿದರು, ನಾನು ಕೊಡಲಿಲ್ಲ.

"ನಮ್ಮವ್ವ ಸಾಯಾಕತ್ತಾಗ, ಮತ್ತ ವಾಡಿ ಮಾಡ್ತೀಯೇನು ಅಂದ್ರೆಲ್ಲ, ಅವಾಗ್ಲೂ ಗೊತ್ತಿತ್ತು?"

"ಇತ್ತು" ಎಂದರು. ಆಮೇಲೆ, "ತಪ್ಪಾತು ಗಿರಿಜಾ. ಏನ್ ಮಾಡ್ಲಿ ಹೇಳು. ಕಾಲ ಮುಟ್ಟಲೇನು?" ಎಂದರು.

"ನನ್ನ ಕಾಲು ನಿಮಗ ಬ್ಯಾಡ. ಬರೀರಿ" ಎಂದೆ. ಡೈರಿ ತೆರೆದು ಅವರ ಮುಂದಿಟ್ಟೆ. "ನಾ ಬರದಿದ್ದು ಹೆಂಗಸಿನ ಮಾತು ಅಂತ ನಾಳೆ ಯಾರರ ಅಂತಾರ. ನಿಮ್ಮ ಕೈಲೆ ಬರೀರಿ."

ಕನ್ನಡಕ ಹಾಕಿಕೊಂಡರು. ಆಫೀಸಿನಲ್ಲಿ ಬರೆಯುವ ಹಾಗೇ, ಅಂಚಿನಿಂದ ಎರಡು ಬೆರಳು ಬಿಟ್ಟು, ದುಂಡಗೆ ಬರೆದರು. 'ನನ್ನ ಹೆಂಡತಿ ಗಿರಿಜಾಬಾಯಿಯನ್ನು ತಪ್ಪು ಡಬ್ಬಿಯಲ್ಲಿ ಕೂರಿಸಿದವನು ನಾನು. ಅವಳು ಏಳಲಿಲ್ಲ, ಏಕೆಂದರೆ ಏಳಬೇಡವೆಂದು ನಾನು ಹೇಳಿದ್ದೆ.' ನಾನು ಕೇಳದೆಯೇ, ಇನ್ನೊಂದು ಸಾಲು ಸೇರಿಸಿದರು. 'ಡಬ್ಬಿ ನಂಬರ್ 4173. ಎಂಜಿನ್ನಿನಿಂದ ಆರನೆಯದು.'

ನಾನು ಆ ಸಾಲನ್ನೇ ನೋಡಿದೆ. ನಂಬರು ಸಹಿತ ನೆನಪಿತ್ತು. ಪ್ರತಿ ಸಲ ಅಣ್ಣ ಮೂಗಿನಲ್ಲಿ ಅತ್ತು ತೋರಿಸುವಾಗ, ಇವರು ನಗುತ್ತ ಕುಳಿತಿರುವಾಗ, ಆ ನಂಬರು ಇವರ ತಲೆಯಲ್ಲಿ ಇತ್ತು.

"ಅದರ ಕೆಳಗ ನಮ್ಮವ್ವ ಸತ್ತ ತಾರೀಖು ಬರೀರಿ" ಎಂದೆ.

ಪೆನ್ನು ಕಾಗದ ಮುಟ್ಟಿತು. ಹಾಗೆಯೇ ನಿಂತಿತು. ಅವರು ಕನ್ನಡಕದ ಮೇಲಿನಿಂದ ನನ್ನ ಮುಖ ನೋಡಿದರು, ನಾನು ಹೇಳಿಕೊಡುತ್ತೇನೆಂದು ಕಾಯುತ್ತ. ನಾನು ಹೇಳಿಕೊಡಲಿಲ್ಲ. ಅವರ ಕೈಯಿಂದ ಪೆನ್ನು ತೆಗೆದುಕೊಂಡು ನಾನೇ ಬರೆದೆ.